ನಾಗರವೋ ಕೇರೆಯೋ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮಪ್ಪ ಹುಬ್ಬಳ್ಳಿಯ ಹಳೇ ಓಣಿಯೊಂದರಲ್ಲಿ ಮೂವತ್ತು ವರ್ಷ ಬಾಡಿಗೆ ಪುಸ್ತಕದ ಅಂಗಡಿ ನಡೆಸಿದ. ಅಂಗಡಿ ಮುಚ್ಚಿ ಬಹಳ ದಿನವಾಯಿತು, ಪುಸ್ತಕಗಳು ಈಗ ನಮ್ಮ ಪಡಸಾಲೆಯಲ್ಲಿವೆ. ಓದುವ ಚಟ ಇರುವ ಕಾಲೇಜು ಹುಡುಗ ಹುಡುಗಿಯರು ಬಂದು ಒಯ್ಯುತ್ತಾರೆ. ಕಾದಂಬರಿಕಾರ ತರಾಸು ಅವರ ಪುಸ್ತಕಗಳ ಸಾಲಿನೆದುರು ನಿಂತವರು ಕೇಳುವುದು ಒಂದೇ ಪ್ರಶ್ನೆ:

‘ಅಕ್ಕಾರ, ನಾಗರಹಾವು ಕಾದಂಬರಿ ಚೊಲೊ ಐತೋ ಸಿನಿಮಾ ಚೊಲೊ ಐತೋ? ಬರದವರ ಅದಕ್ಕ ಕೇರೆಹಾವು ಅಂದಿದ್ರಂತಲ್ರೀ?’

ಆ ಮಾತಿನ ಹಿಂದಿನ ಕಥೆ ಇಷ್ಟು. ತರಾಸು ಬರೆದದ್ದು ಒಂದಲ್ಲ, ಮೂರು ಕಾದಂಬರಿ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಪುಟ್ಟಣ್ಣ ಕಣಗಾಲ್ ಮೂರನ್ನೂ ಕೂಡಿಸಿ ಒಂದೇ ಸಿನಿಮಾ ಮಾಡಿದರು. 1972ರ ಡಿಸೆಂಬರ್ ಕೊನೆಗೆ ಅದು ತೆರೆಗೆ ಬಂತು. ಜನ ಮುಗಿಬಿದ್ದು ನೋಡಿದರು, ಬರೆದವರಿಗೆ ಮಾತ್ರ ಸಮಾಧಾನವಾಗಲಿಲ್ಲ. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ನೊಂದುಕೊಂಡರೆಂಬ ಮಾತು ಅರ್ಧ ಶತಮಾನದಿಂದ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಕೇರೆಗೆ ವಿಷವಿಲ್ಲವಲ್ಲ. ಆ ಸಿನಿಮಾದ ಬಗ್ಗೆ ಯಾರು ಏನು ಬರೆದರೋ, ಜನ ನೆನಪಿಟ್ಟುಕೊಂಡದ್ದು ಇದೊಂದನ್ನೇ. ಹುಬ್ಬಳ್ಳಿ-ಧಾರವಾಡದ ಓದುಗರಿಗಂತೂ ಇದು ಹೇಳಿ ಮಾಡಿಸಿದ ಮಾತು. ‘ನಾವು ಮೊದಲ ಪುಸ್ತಕ ಓದೇವಿ’ ಎನ್ನುವ ಠೀವಿ ನಮಗೆ ಮೊದಲಿನಿಂದಲೂ ಸ್ವಲ್ಪ ಜಾಸ್ತಿ. ಹೊಲದವರ ಮುಂದೆ ಮಾತ್ರ ಈ ಬೈಗುಳ ನಡೆಯುವುದಿಲ್ಲ. ಕೇರೆಹಾವು ಇಲಿ ತಿಂದು ಕಾಳು ಉಳಿಸುತ್ತದೆ ಎಂದು ನಮ್ಮ ಸೋದರಮಾವ ಅದನ್ನು ಯಾರಿಗೂ ಹೊಡೆಯಗೊಡುತ್ತಿರಲಿಲ್ಲ.

ತರಾಸು ಸಿಟ್ಟಾದದ್ದರಲ್ಲಿ ತಪ್ಪಿಲ್ಲ ಎಂದೇ ನನ್ನ ಲೆಕ್ಕ. ಸಿನಿಮಾದ ಶುರುವಿಗೆ ನಾಯಕ ರಾಮಾಚಾರಿ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳುತ್ತಾನೆ, ಆ ಸೇಡಿಗೆ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟುತ್ತಾನೆ. ಅಲ್ಲಿಯವರೆಗೆ ಅವನು ನಾಗರವೇ. ಚಾಮಯ್ಯ ಮೇಷ್ಟ್ರು ಎದುರು ಬಂದರೆ ಸಾಕು, ಹೆಡೆ ಇಳಿಯುತ್ತದೆ. ಪುಟ್ಟಣ್ಣ ಮರುಳಾದದ್ದು ಈ ಹೆಡೆ ಇಳಿಯುವ ಗಳಿಗೆಗೆ. ಹಾಗಾಗಿ ಕಾಲೇಜು ಹುಡುಗನ ಪ್ರೇಮಕಥೆ ಎಂದು ಟಿಕೀಟು ತೆಗೆಸಿದವರು ಗುರು-ಶಿಷ್ಯರ ಕಥೆಗೆ ಅತ್ತು ಬಂದರು. ಇಡೀ ಸಿನಿಮಾದಲ್ಲಿ ನಿಜವಾದ ಜೋಡಿ ಎಂದರೆ ರಾಮಾಚಾರಿಯಾದ ವಿಷ್ಣುವರ್ಧನ್ ಮತ್ತು ಮೇಷ್ಟ್ರಾದ ಅಶ್ವತ್ಥ್. ರಾಜ್ಯ ಪ್ರಶಸ್ತಿಯೂ ಇಬ್ಬರಿಗೂ ಬಂತು. ವಿಷ ಕಡಿಮೆಯಾಯಿತು ಎಂದು ಬರೆದವರು ಗೊಣಗಿದ್ದು, ಮೇಷ್ಟ್ರನ್ನು ನೆನೆದು ನೋಡಿದವರು ಕಣ್ಣೊರೆಸಿಕೊಂಡದ್ದು, ಎರಡಕ್ಕೂ ಕಾರಣ ಒಂದೇ.

ಇದೇ ಕಥೆಯನ್ನು 1974ರಲ್ಲಿ ಪುಟ್ಟಣ್ಣನವರೇ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂದು ತೆಗೆದರು. ರಿಷಿ ಕಪೂರ್ ನಾಯಕ, ಪ್ರಾಣ್ ಮೇಷ್ಟ್ರು. ಹಾಡು ಉಳಿಯಿತು, ಸಿನಿಮಾ ಓಡಲಿಲ್ಲ. ನನಗನ್ನಿಸುವ ಕಾರಣ ಚಿತ್ರದುರ್ಗ. ಕನ್ನಡದಲ್ಲಿ ಕೋಟೆ ಬರೀ ಹಿನ್ನೆಲೆಯಲ್ಲ, ಆ ಹುಡುಗನ ಹಟಕ್ಕೆ ಅದರ ಕಲ್ಲೇ ಬೇರು. ಓಬವ್ವನ ಹಾಡನ್ನೇ ನೋಡಿ. ಕಥೆಯ ನಡುವೆ ಜಯಂತಿ ಒನಕೆ ಹಿಡಿದು ಬರುತ್ತಾರೆ, ಕಥೆ ಅಷ್ಟು ಹೊತ್ತು ನಿಂತೇ ಬಿಡುತ್ತದೆ. ಕಥೆಯ ಲೆಕ್ಕದಲ್ಲಿ ಅದು ಅಡ್ಡಗಲ್ಲು ಎಂದು ನನಗೆ ಗೊತ್ತು. ಆದರೂ ಹುಬ್ಬಳ್ಳಿಯಿಂದ ಪ್ರವಾಸಕ್ಕೆ ಹೋದ ಯಾವ ಶಾಲೆಯ ಮಕ್ಕಳೂ ಕೋಟೆಯ ಓಬವ್ವನ ಕಿಂಡಿಯ ಮುಂದೆ ಅದನ್ನು ಹಾಡದೆ ಬಂದದ್ದಿಲ್ಲ. ನಾನೂ ಹಾಡಿದ್ದೇನೆ.

ಹಾಗಾದರೆ ಸಿನಿಮಾದ ಮೇಲೆ ನನ್ನ ತಕರಾರೇ ಇಲ್ಲವೇ? ಇದೆ, ಆದರೆ ಅದು ವಿಷದ್ದಲ್ಲ, ರಾಮಾಚಾರಿ ಮೊದಲು ಪ್ರೀತಿಸಿದ ಅಲಮೇಲುವಿನದ್ದು. ಅವಳ ಬೆನ್ನು ಬಿದ್ದ ಪುಂಡ ಜಲೀಲನ ಕಾಟ ತಪ್ಪಿಸಿದರೆ ತಂಗಿಯನ್ನು ಕೊಡುತ್ತೇನೆ ಎಂದು ಅಣ್ಣ ವರದ ಮಾತು ಕೊಡುತ್ತಾನೆ, ಆಮೇಲೆ ಮಾತು ತಪ್ಪುತ್ತಾನೆ. ಜಾತಿ ಬೇರೆ, ಬಿಟ್ಟುಬಿಡು ಎಂದು ರಾಮಾಚಾರಿಗೆ ತಿಳಿಹೇಳುವವರು ಚಾಮಯ್ಯ ಮೇಷ್ಟ್ರು. ಅವನು ಬಿಡುತ್ತಾನೆ. ಅವಳನ್ನು ಬೇರೊಬ್ಬನಿಗೆ ಮದುವೆ ಮಾಡುತ್ತಾರೆ. ವರ್ಷಗಳಾದ ಮೇಲೆ ರಾಮಾಚಾರಿಗೆ ಅವಳು ಸಿಗುವುದು ಮೈ ಮಾರಿಕೊಳ್ಳುವವಳಾಗಿ. ನಮ್ಮಪ್ಪ ಈ ಸಿನಿಮಾದ ಮಾತು ಬಂದಾಗಲೆಲ್ಲ ‘ಅಂಥಾ ಗುರುಗಳು ಸಿಗಬೇಕ ನೋಡವಾ’ ಎಂದು ಕಣ್ಣು ತುಂಬಿಕೊಳ್ಳುತ್ತಿದ್ದ. ಹೋದ ವರ್ಷ ಪುಸ್ತಕ ವಾಪಸು ಕೊಡಲು ಬಂದ ಹುಡುಗಿ, ಹಿಂದಿನ ರಾತ್ರಿ ಮೊಬೈಲಿನಲ್ಲಿ ಸಿನಿಮಾ ನೋಡಿದವಳು, ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು:

‘ಅಕ್ಕಾರ, ಎಲ್ಲಾರೂ ಹುಡುಗಗ ಬುದ್ಧಿ ಹೇಳ್ಯಾರ. ಆಕಿನ್ನ ಒಬ್ಬರರ ಕೇಳ್ಯಾರೇನ್ರೀ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಸಲ ನೋಡಿದರೂ ನಾನು ಆ ದೃಶ್ಯದಲ್ಲಿ ಮೇಷ್ಟ್ರ ಮುಖವನ್ನೇ ನೋಡಿದ್ದೆ. ಅಶ್ವತ್ಥ್ ಅಷ್ಟು ಚೆನ್ನಾಗಿ ಮಾಡಿದ್ದಾರೆ, ಅದೇ ತೊಂದರೆ. ರಾಮಾಚಾರಿ ಆಮೇಲೆ ಪ್ರೀತಿಸುವ ಮಾರ್ಗರೆಟ್ ವಿಷಯಕ್ಕೂ ಮೇಷ್ಟ್ರು ಅಡ್ಡ ಬರುತ್ತಾರೆ, ಬೆಟ್ಟದ ಮೇಲೆ ಮೂವರೂ ಸಾಯುತ್ತಾರೆ. ಆ ಕೊನೆಯನ್ನು ದುರಂತ ಎಂದು ಅತ್ತ ತಲೆಮಾರು ಒಂದು, ಬಿಡಿಸಿ ಕೇಳುವ ತಲೆಮಾರು ಇನ್ನೊಂದು. ಸಿನಿಮಾ ಚೂರೂ ಬದಲಾಗಿಲ್ಲ.

ಕಾದಂಬರಿಯೋ ಸಿನಿಮಾವೋ ಎಂದು ಕೇಳಿದವರಿಗೆ ಕೊಡುವ ಉತ್ತರದಲ್ಲಿ ನಮ್ಮ ಮನೆಯ ಗುಟ್ಟೂ ಒಂದಿದೆ. ನಮ್ಮಪ್ಪನ ಅಂಗಡಿಯಲ್ಲಿ ಇದ್ದದ್ದು ಮೊದಲ ಎರಡು ಭಾಗ ಮಾತ್ರ. ‘ಸರ್ಪಮತ್ಸರ’ವನ್ನು ಯಾರೋ ಒಯ್ದವರು ತಂದುಕೊಡಲೇ ಇಲ್ಲ. ರಿಜಿಸ್ಟರಿನಲ್ಲಿ ಅದರ ಮುಂದೆ ‘ಬಾಕಿ’ ಎಂದು ಕೆಂಪು ಶಾಯಿಯಲ್ಲಿ ಇನ್ನೂ ಇದೆ. ಅಂದರೆ ನಮ್ಮ ಓಣಿಯಲ್ಲಿ ಸಿನಿಮಾಕ್ಕೆ ಮೂಗು ಮುರಿಯುತ್ತಿದ್ದ ಎಷ್ಟೋ ಜನ ಕಥೆಯ ಕೊನೆ ತಿಳಿದುಕೊಂಡದ್ದು ಥೇಟರಿನಲ್ಲೇ. ಮೂರನೆಯ ಭಾಗವನ್ನು ಆಮೇಲೆ ನಾನೇ ಕೊಂಡು ತಂದೆ. ಅಲಮೇಲು ಪರವಾಗಿ ಜಗಳಕ್ಕೆ ನಿಂತಿದ್ದಳಲ್ಲ, ಆ ಹುಡುಗಿಗೆ ಮೂರೂ ಪುಸ್ತಕ ಕಟ್ಟಿ ಕೊಟ್ಟೆ. ಮೂರನೆಯದಕ್ಕೆ ಇನ್ನೂರು ರೂಪಾಯಿ ಡಿಪಾಜಿಟ್ ಇಡಿಸಿಕೊಂಡೆ.