ಗಳ ಇದ್ದಷ್ಟೇ ಬಟ್ಟೆ ನೆನೆಹಾಕು

ನಮ್ಮ ಮನೆಯಲ್ಲಿ ಬಟ್ಟೆಯ ಕೆಲಸ ನನ್ನದು. ಮನೆಯಲ್ಲಿ ಆರು ಜನ: ಅಪ್ಪ, ಆಯಿ, ನಾವಿಬ್ಬರು, ಎಂಟನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ. ಹೆಂಡತಿ ಶಿರಸಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಊರಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ಉಳಿದ ಹೊತ್ತು ತೋಟ. ಅವಳಿಗೆ ರಾತ್ರಿ ಪಾಳಿ ಶುರುವಾದಾಗ ಎಲ್ಲರೂ ಕುಳಿತು ಕೆಲಸ ಹಂಚಿಕೊಂಡೆವು. ಅಡುಗೆ ಆಯಿಯದೂ ಅವಳದೂ, ಕೊಟ್ಟಿಗೆ ಅಪ್ಪನದು, ಬಟ್ಟೆ ನನ್ನದು. ನನ್ನದು ಎಂದರೆ ಕೊಳೆಬಟ್ಟೆಯ ಬುಟ್ಟಿಯಿಂದ ಹಿಡಿದು ಮಡಚಿ ಕಪಾಟು ಸೇರಿಸುವ ತನಕ. ಮಷಿನ್ನಿನ ಗುಂಡಿ ಒತ್ತಿ, ‘ಆಮೇಲೆ ನೀನು ಹರವಿಬಿಡು’ ಎಂದು ಹೇಳಿ ಕಚೇರಿಗೆ ಹೊರಡುವುದನ್ನು ನಾನು ಕೆಲಸ ಹಂಚಿಕೊಳ್ಳುವುದು ಎಂದು ಒಪ್ಪುವುದಿಲ್ಲ. ಒಗೆಯುವುದು ಈ ಕೆಲಸದ ಅತಿ ಸಣ್ಣ ಭಾಗ, ಅದನ್ನು ಮಷಿನ್ನು ಮಾಡುತ್ತದೆ. ಮನೆಯವರನ್ನು ದಣಿಸುವುದು ಅದರ ಹಿಂದೆ ಮುಂದೆ ಇರುವುದೆಲ್ಲ.

ಬೇಸಿಗೆಯಲ್ಲಿ ಇದೊಂದು ದೊಡ್ಡ ಕೆಲಸವಲ್ಲ. ಅಂಗಳದಲ್ಲಿ ಹರವಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಪಂಚೆ ಗರಿಗರಿಯಾಗಿರುತ್ತದೆ. ನಮಗೆ ಕಷ್ಟ ಬರುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಅದರಲ್ಲೂ ಪುನರ್ವಸು, ಪುಷ್ಯ ಮಳೆ ಬಿಡದೆ ಹಿಡಿದುಕೊಂಡರೆ ಹೊರಗೆ ಹಗ್ಗ ಇದ್ದೂ ಇಲ್ಲದ ಹಾಗೆ. ಆ ತಿಂಗಳುಗಳಲ್ಲಿ ಆರು ಜನರ ಬಟ್ಟೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದಕ್ಕೆ ನನಗೆ ಗೊತ್ತಿರುವ ದಾರಿ ಒಂದೇ. ಎಷ್ಟು ಕೊಳೆಯಾಗಿದೆ ಎಂದು ನೋಡಿ ಬಟ್ಟೆ ಹಾಕಬಾರದು, ಎಷ್ಟು ಒಣಗಿಸಲು ಜಾಗವಿದೆ ಎಂದು ನೋಡಿ ಹಾಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರು ಮಲೆನಾಡಿನಲ್ಲಿ ಬಟ್ಟೆಗೂ ಆ ಮಾತನ್ನು ಹೇಳಬೇಕು. ಭಾನುವಾರ ರಜೆಯಿದೆ ಎಂದು ವಾರದ ರಾಶಿಯನ್ನೆಲ್ಲ ಒಟ್ಟಿಗೆ ಒಗೆದರೆ ಸೋಮವಾರ ಮನೆಯ ತುಂಬ ಒದ್ದೆ ಬಟ್ಟೆ, ಮಂಗಳವಾರ ಮನೆಯ ತುಂಬ ಮುಗ್ಗುಲು ವಾಸನೆ, ಬುಧವಾರ ಅದನ್ನೇ ಮತ್ತೆ ಒಗೆಯಬೇಕು.

ಹಿಂಡಿದ ಬಟ್ಟೆಯಲ್ಲಿ ಎಷ್ಟು ನೀರು ಇರುತ್ತದೆ ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಇದೆಲ್ಲ ಸ್ಪಷ್ಟವಾಗುತ್ತದೆ. ಮಷಿನ್ನು ನಿಮಿಷಕ್ಕೆ 800 ಸುತ್ತು ತಿರುಗಿ ಹಿಂಡಿದರೆ ಬಟ್ಟೆಯ ಒಣ ತೂಕದ ಮುಕ್ಕಾಲು ಪಾಲಿನಷ್ಟು ನೀರು ಅದರಲ್ಲೇ ಉಳಿಯುತ್ತದೆ. 1400 ಸುತ್ತಾದರೆ ಹೆಚ್ಚುಕಡಿಮೆ ಅರ್ಧ. 5 ಕಿಲೋ ಬಟ್ಟೆ ಎಂದು ಹಿಡಿದರೆ ಮೊದಲನೆಯದರಲ್ಲಿ ನಾಲ್ಕು ಲೀಟರಿನ ಹತ್ತಿರ, ಎರಡನೆಯದರಲ್ಲಿ ಎರಡೂವರೆ ಲೀಟರು. ಆ ನೀರೆಲ್ಲ ಗಾಳಿಗೆ ಹೋಗಬೇಕು, ಹೊರಗಿನ ಗಾಳಿಯೋ ಮೊದಲೇ ಮಳೆಯಿಂದ ತೊಯ್ದಿದೆ. ಆದ್ದರಿಂದ ಪಂಚೆ, ಟವೆಲು, ಚಾದರಗಳನ್ನು ಮಳೆಗಾಲದಲ್ಲಿ ಹೆಚ್ಚಿನ ವೇಗಕ್ಕೆ ಇಟ್ಟು ಎರಡು ಸಲ ಹಿಂಡಿಸುತ್ತೇನೆ. ಸುಕ್ಕು ಹೆಚ್ಚಾಗುತ್ತದೆ, ಆಗಲಿ. ಸುಕ್ಕಿಗೆ ಇಸ್ತ್ರಿ ಇದೆ, ಒಣಗದ ಬಟ್ಟೆಗೆ ಮದ್ದಿಲ್ಲ.

ಮುಗ್ಗುಲು ವಾಸನೆಯ ವಿಷಯಕ್ಕೆ ಬರುತ್ತೇನೆ. ಅದು ಮಳೆಯ ವಾಸನೆ, ತೇವದ ವಾಸನೆ ಎಂದು ನಾವು ಸುಮ್ಮನಾಗುವುದುಂಟು. ಅದು ಬ್ಯಾಕ್ಟೀರಿಯಾದ ಕೆಲಸ. 2012ರಲ್ಲಿ ಜಪಾನಿನ ಸಂಶೋಧಕರು ಮೊರಾಕ್ಸೆಲ್ಲಾ ಎಂಬ ಜಾತಿಯ ಬ್ಯಾಕ್ಟೀರಿಯಾಗಳೇ ಇದಕ್ಕೆ ಮುಖ್ಯ ಕಾರಣ ಎಂದು ತೋರಿಸಿದರು. ಒಗೆದ ಮೇಲೂ ನೂಲಿನ ನಡುವೆ ಉಳಿದುಕೊಂಡು, ಬಟ್ಟೆ ಒಣಗಲು ತಡವಾದಷ್ಟೂ ಅವು ಬೆಳೆಯುತ್ತವೆ. ಹಾಗಾಗಿ ಒಣಗುವ ವೇಗವೇ ಇಲ್ಲಿ ಮುಖ್ಯ. ಒಮ್ಮೆ ವಾಸನೆ ಹಿಡಿದ ಟವೆಲಿಗೆ ಸುಗಂಧದ ದ್ರವ ಸುರಿದು ಪ್ರಯೋಜನವಿಲ್ಲ. ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ನೆನೆಹಾಕಿ ಒಗೆಯಬೇಕು. ಈ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಬಚ್ಚಲ ಹಂಡೆಯಲ್ಲಿ ಬಿಸಿನೀರು ಯಾವಾಗಲೂ ಇರುತ್ತದೆ, ಉರಿಸುವುದಕ್ಕೆ ತೋಟದ ಒಣ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಇವೆ.

ಆ ಬಚ್ಚಲ ಒಲೆಯೇ ನಮ್ಮ ಮಳೆಗಾಲದ ಬಿಸಿಲು. ಒಲೆಯಿಂದ ಒಂದಾಳು ಎತ್ತರದಲ್ಲಿ ಬಿದಿರಿನ ಗಳಗಳನ್ನು ಅಡ್ಡ ಕಟ್ಟಿದ್ದೇವೆ. ನೇರ ಒಲೆಯ ಮೇಲೆ ಬರುವ ಗಳಕ್ಕೆ ಬಟ್ಟೆ ಹಾಕುವುದಿಲ್ಲ, ಕಿಡಿ ಹಾರುವ ಭಯ. ಅದರ ಆಚೀಚೆಯ ಗಳಗಳಿಗೆ ಹಾಕುತ್ತೇವೆ. ಮಕ್ಕಳ ಒಳ ಉಡುಪು, ಕಾಲುಚೀಲ, ಆಯಿಯ ರವಿಕೆ ಇಲ್ಲಿ ಒಂದೇ ರಾತ್ರಿಯಲ್ಲಿ ಒಣಗುತ್ತವೆ. ಹೊಗೆಯ ವಾಸನೆ ಸ್ವಲ್ಪ ಬರುತ್ತದೆ. ಮಗಳಿಗೆ ಅದು ಇಷ್ಟವಿಲ್ಲ, ಶಾಲೆಯಲ್ಲಿ ಪಕ್ಕದವರಿಗೆ ಗೊತ್ತಾಗುತ್ತದೆ ಎನ್ನುತ್ತಾಳೆ. ಅವಳ ಮಾತು ನ್ಯಾಯವಾದದ್ದು. ಆದ್ದರಿಂದ ಸಮವಸ್ತ್ರ ಎಂದೂ ಬಚ್ಚಲಿಗೆ ಹೋಗುವುದಿಲ್ಲ, ಮೆತ್ತಿನ ಮೇಲೆ ಫ್ಯಾನಿನ ಕೆಳಗೆ ಅದಕ್ಕೆಂದೇ ಜಾಗ ಬಿಟ್ಟಿದ್ದೇನೆ.

ಇನ್ನೊಂದು ಜಾಗ ಸಿಕ್ಕಿದ್ದು ಅಡಿಕೆಯಿಂದ. ನಮ್ಮಲ್ಲಿ ಅನೇಕರು ಚಾಲಿ ಅಡಿಕೆ ಒಣಗಿಸಲು ಅಂಗಳದಲ್ಲಿ ಪಾರದರ್ಶಕ ಹೊದಿಕೆಯ ಗೂಡು ಕಟ್ಟಿಕೊಂಡಿದ್ದಾರೆ. ಕೊಯ್ಲಿನ ಕಾಲ ಮುಗಿದ ಮೇಲೆ ಅದು ಖಾಲಿ. ಅದರೊಳಗೆ ಹಗ್ಗ ಎಳೆದರೆ ನಾಲ್ಕು ಚಾದರಗಳಿಗೆ ಧಾರಾಳ ಜಾಗವಾಗುತ್ತದೆ. ಮೋಡ ಸರಿದು ಒಂದು ಗಳಿಗೆ ಹೂಬಿಸಿಲು ಬಂದರೂ ಒಳಗೆ ಬಿಸಿ ಏರುತ್ತದೆ. ಒಂದು ಎಚ್ಚರಿಕೆ ಇದೆ: ಎರಡೂ ತುದಿಯ ಬಾಗಿಲು ತೆರೆದಿರಬೇಕು. ಮುಚ್ಚಿಟ್ಟರೆ ಬಟ್ಟೆಯಿಂದ ಎದ್ದ ಹಬೆ ಮೇಲಿನ ಹೊದಿಕೆಗೆ ತಾಗಿ ಹನಿಯಾಗಿ ಮತ್ತೆ ಬಟ್ಟೆಯ ಮೇಲೇ ಬೀಳುತ್ತದೆ.

ನೀರಿನ ಬಗ್ಗೆಯೂ ಹೇಳಬೇಕು. ನಮ್ಮದು ಗುಡ್ಡದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರು. ಮೆದು ನೀರು, ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿಗೆ ಬೇಕಾಗುವಷ್ಟು ಪುಡಿ ಇದಕ್ಕೆ ಬೇಡ. ಪೊಟ್ಟಣದ ಮೇಲೆ ಬರೆದ ಅಳತೆಯ ಅರ್ಧ ಹಾಕಿದರೂ ನಮ್ಮಲ್ಲಿ ಸಾಕು. ಹೆಚ್ಚು ಹಾಕಿದರೆ ಪೂರ್ತಿ ಜಾಲಿಸಿ ಹೋಗದೆ ನೂಲಿನಲ್ಲಿ ಉಳಿದು ಬಟ್ಟೆ ಬಿರುಸಾಗುತ್ತದೆ, ತೇವ ಎಳೆಯುತ್ತದೆ. ತೊಂದರೆ ಬರುವುದು ಮುಂಗಾರಿನ ಮೊದಲ ವಾರಗಳಲ್ಲಿ, ಅಬ್ಬಿ ಕದಡಿ ಕೆಂಪು ನೀರು ಬಂದಾಗ. ಆಗ ಬಿಳಿ ಬಟ್ಟೆಯನ್ನು ಹಾಕುವುದೇ ಇಲ್ಲ. ನಲ್ಲಿಯ ಬಾಯಿಗೆ ಹಳೆಯ ಪಂಚೆಯ ತುಂಡನ್ನು ಎರಡು ಪದರ ಮಡಚಿ ಕಟ್ಟಿ, ಟ್ಯಾಂಕಿನಲ್ಲಿ ನೀರು ತಿಳಿಯಾಗುವ ತನಕ ಕಾಯುತ್ತೇನೆ. ಮಷಿನ್ನಿಗೆ ನೀರು ಹೋಗುವ ಕೊಳವೆಯ ತುದಿಯಲ್ಲಿ ಸಣ್ಣ ಜಾಲರಿಯೊಂದಿರುತ್ತದೆ, ಅದನ್ನೂ ಬಿಚ್ಚಿ ತೊಳೆಯಬೇಕು. ನೀರೇ ಏರುತ್ತಿಲ್ಲ ಎಂದು ರಿಪೇರಿಯವರಿಗೆ ಫೋನ್ ಮಾಡುವ ಮೊದಲು ಅಲ್ಲೊಮ್ಮೆ ನೋಡಿ, ನಮ್ಮ ಕಡೆ ಹತ್ತಕ್ಕೆ ಒಂಬತ್ತು ಸಲ ಅಲ್ಲಿ ಕೆಸರು ಕೂತಿರುತ್ತದೆ.

ಇನ್ನು ಕರೆಂಟು. ಗಾಳಿಗೆ ಮರ ಬಿದ್ದು ಲೈನು ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಅದಕ್ಕೇ ಮಷಿನ್ನು ತುಂಬಿಸಿ ಉದ್ದದ ಕ್ರಮಕ್ಕೆ ಇಡುವುದಕ್ಕಿಂತ ಕಡಿಮೆ ಬಟ್ಟೆ, ಗಿಡ್ಡ ಕ್ರಮ.

ಹೆಂಡತಿಯ ಬಟ್ಟೆಯ ಮಾತು ಬೇರೆ. ಆಸ್ಪತ್ರೆಯಲ್ಲಿ ತೊಟ್ಟ ಬಟ್ಟೆ ನಮ್ಮ ಬುಟ್ಟಿಗೆ ಬೀಳುವುದಿಲ್ಲ. ಅವಳು ಬಂದವಳೇ ಹೊರಗಿನ ಬಚ್ಚಲಿನಲ್ಲಿ ಬದಲಿಸಿ, ಮುಚ್ಚಳವಿರುವ ಬಕೆಟ್ಟಿಗೆ ಹಾಕುತ್ತಾಳೆ. ಅದು ಪ್ರತ್ಯೇಕವಾಗಿ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯುವ ಬಟ್ಟೆ, ಅದರ ಜೊತೆಗೆ ಬೇರೆ ಏನೂ ಸೇರುವುದಿಲ್ಲ. ರಕ್ತದ ಕಲೆ ಇದ್ದರೆ ಮೊದಲು ತಣ್ಣೀರು. ಬಿಸಿನೀರು ತಾಗಿದರೆ ಕಲೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಇದನ್ನು ಕಲಿಸಿದವಳು ಅವಳೇ. ಪಾಳಿ ಮುಗಿಸಿ ಬಂದು ಮಲಗಿದವಳು ಎದ್ದಾಗ ಮರುದಿನದ ಸಮವಸ್ತ್ರ ಇಸ್ತ್ರಿಯಾಗಿ ಮೊಳೆಗೆ ನೇತಾಡುತ್ತಿರಬೇಕು ಎಂಬುದು ನಾನೇ ನನಗೆ ಹಾಕಿಕೊಂಡ ನಿಯಮ. ಬೇರೆ ಯಾವ ಬಟ್ಟೆ ತಪ್ಪಿದರೂ ಅದು ತಪ್ಪಬಾರದು.

ಕಲೆಗಳಲ್ಲಿ ನಮ್ಮ ಸೀಮೆಗೆ ತನ್ನದೇ ಆದವು ಇವೆ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸಾಬೂನು. ಅರಿಶಿನದ ಕಲೆಗೆ ಸಾಬೂನು ತಾಗಿದ ಕೂಡಲೇ ಕೆಂಪಾಗುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಜಾಲಿಸಿ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದಿಂದ ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆ ಬಂದರೆ ಬ್ಲೀಚಿಂಗ್ ಪುಡಿ ಹಾಕಲೇಬೇಡಿ, ಚುಕ್ಕೆ ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೆ ಹುಳಿ ಬೇಕು. ಲಿಂಬೆಯ ರಸ ಆಗುತ್ತದೆ, ಬಿಂಬುಳಿ ಕಾಯಿ ಇದ್ದರೆ ಇನ್ನೂ ಒಳ್ಳೆಯದು. ಕಾಯಿಯನ್ನು ಅಡ್ಡ ಕೊಯ್ದು ಚುಕ್ಕೆಯ ಮೇಲೆ ತಿಕ್ಕಿ, ಸ್ವಲ್ಪ ಬಿಟ್ಟು ತೊಳೆದರೆ ಕಣ್ಣೆದುರೇ ಬಣ್ಣ ತಿಳಿಯಾಗುವುದನ್ನು ನೋಡಬಹುದು. ಅಡಿಕೆಯ ಚೊಗರು ಮಾತ್ರ ಯಾವುದಕ್ಕೂ ಬಗ್ಗುವುದಿಲ್ಲ. ಅದಕ್ಕೆ ಮೆಟ್ಟುಗತ್ತಿಯ ಕಬ್ಬಿಣ ಸೇರಿದರಂತೂ ಕಪ್ಪು. ಹಾಗಾಗಿ ಅಡಿಕೆ ಸುಲಿಯುವುದಕ್ಕೆ ಕೂರುವಾಗ ಉಡುವ ಬಟ್ಟೆಯೇ ಬೇರೆ, ಅದನ್ನು ಒಗೆಯುವುದು ಹೊರಗಿನ ಒಗೆಯುವ ಕಲ್ಲಿನ ಮೇಲೆ. ಅದಕ್ಕೆ ಮಷಿನ್ನಿನಲ್ಲಿ ಜಾಗವಿಲ್ಲ.

ಆಯಿಯ ಬಟ್ಟೆ ಬಹಳ ಕಾಲ ನನ್ನ ಕೈಗೆ ಬರಲಿಲ್ಲ. ಸ್ನಾನ ಮಾಡುತ್ತ ತಾನೇ ಒಗೆದು, ಕೋಲಿನಿಂದ ಎತ್ತಿ ಎತ್ತರದ ಗಳಕ್ಕೆ ಹಾಕುತ್ತಿದ್ದಳು. ಅದು ಮಡಿಯ ಗಳ, ಮಕ್ಕಳ ಕೈಗೆ ಎಟುಕದ ಹಾಗೆ ಕಟ್ಟಿದ್ದು. ಮಂಡಿ ನೋವು ಬಂದ ಮೇಲೆ ಬಗ್ಗಿ ಒಗೆಯುವುದು ಕಷ್ಟವಾಯಿತು. ಆದರೂ ಮಗನ ಕೈಯಲ್ಲಿ ತನ್ನ ಸೀರೆ ಒಗೆಸಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ಒಂದು ಸಂಜೆ ನಾನು ಅವಳ ಒದ್ದೆ ಸೀರೆಯನ್ನು ಹರವುವುದನ್ನು ಜಗಲಿಯಿಂದ ನೋಡಿದವಳು ಎದ್ದು ಬಂದಳು.

“ತಮಾ, ಹಾಗಲ್ಲ. ಇತ್ತ ಕೊಡು.”

ಸೀರೆಯ ಒಂದು ತುದಿಯನ್ನು ನನಗೆ ಕೊಟ್ಟು ಇನ್ನೊಂದು ತುದಿಯನ್ನು ತಾನು ಹಿಡಿದಳು. ಇಬ್ಬರೂ ಹಿಂದೆ ಸರಿದು ಎಳೆದು ಹಿಡಿದೆವು. ಎರಡು ಸಲ ಜೋರಾಗಿ ಕೊಡವಿದಾಗ ಹನಿಗಳು ಗೋಡೆಗೆ ರಪ್ಪನೆ ಬಡಿದವು. ಆಮೇಲೆ ಅಂಚಿಗೆ ಅಂಚು ಸೇರಿಸಿ ಉದ್ದಕ್ಕೆ ಒಂದೇ ಮಡಿಕೆ. ಅವಳ ಬೆರಳು ಅಂಚಿನ ಗುಂಟ ಸರಿಯುತ್ತ, ಸುರುಳಿ ಸುತ್ತಿಕೊಂಡ ಕಡೆಗಳನ್ನೆಲ್ಲ ಬಿಡಿಸಿತು. “ಅಂಚು ದಪ್ಪ, ಅಲ್ಲೇ ನೀರು ನಿಲ್ಲುವುದು. ಅಂಚು ಕೆಳಗೆ ಬರಬೇಕು, ಇಳಿದು ಹೋಗುತ್ತದೆ” ಎಂದಳು. ಈಗ ಅವಳ ಸೀರೆಯನ್ನು ನಾನೇ ಒಗೆದು, ಅವಳು ಹೇಳಿದ ಹಾಗೆಯೇ ಹರವುತ್ತೇನೆ. ಪೂಜೆಯ ದಿನದ ಮಡಿ ಮಾತ್ರ ಇಂದಿಗೂ ಅವಳದೇ. ಮಳೆಗೆ ಮಡಿಬಟ್ಟೆ ಒಣಗದ ದಿನಗಳಲ್ಲಿ ಅಪ್ಪ ಪೂಜೆಗೆ ಉಣ್ಣೆಯ ಧಾಬಳಿ ಉಡುತ್ತಾನೆ. ಉಣ್ಣೆಗೂ ರೇಷ್ಮೆಗೂ ದಿನದಿನ ಒಗೆಯುವ ಕಟ್ಟು ಇಲ್ಲವಾದ್ದರಿಂದ ಹಿಂದಿನವರು ಮಳೆಗಾಲವನ್ನು ದಾಟಿದ್ದು ಹಾಗೆಯೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಮಡಚುವ ಕೆಲಸವನ್ನು ಮಕ್ಕಳಿಗೆ ಹಚ್ಚಿದ್ದೇನೆ. ರಾತ್ರಿ ಊಟಕ್ಕೆ ಮೊದಲು ಒಣಗಿದ ಬಟ್ಟೆ ಚಾಪೆಯ ಮೇಲೆ ಬರುತ್ತದೆ, ತಮ್ಮತಮ್ಮದನ್ನು ಅವರೇ ಹುಡುಕಿ ಮಡಚಬೇಕು. ಮಗನ ಅಂಗಿಯ ಮಡಿಕೆ ಓರೆಕೋರೆಯಾಗಿರುತ್ತದೆ. ನಾನು ಅದನ್ನು ಬಿಚ್ಚಿ ಮತ್ತೆ ಮಡಚುವುದಿಲ್ಲ. ಹಾಗೆ ಮಾಡಿದರೆ ಅದು ಅವನ ಕೆಲಸವಾಗಿ ಉಳಿಯುವುದಿಲ್ಲ. ಮಡಚುವ ಮೊದಲು ಸೊಂಟದ ಪಟ್ಟಿ, ಕಿಸೆಯ ಒಳಭಾಗ, ಕೊರಳಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಲು ಹೇಳಿಕೊಟ್ಟಿದ್ದೇನೆ. ಬೆರಳಿಗೆ ತಿಳಿಯದ ತೇವ ಕೆನ್ನೆಗೆ ತಣ್ಣಗೆ ತಿಳಿಯುತ್ತದೆ. ಅರೆ ಒಣಗಿದ ಒಂದು ಚಡ್ಡಿ ಕಪಾಟಿನ ಒಳಗೆ ಹೋದರೆ ಇಡೀ ಸಾಲಿಗೆ ಬೂಷ್ಟು ಹಿಡಿಯುತ್ತದೆ.

ಮಳೆಗಾಲದಲ್ಲಿ ಜೀನ್ಸ್ ಪ್ಯಾಂಟು ಬೇಡ ಎಂದು ಮಗಳೊಡನೆ ವರ್ಷವೂ ಒಂದು ಚರ್ಚೆ ಆಗುತ್ತದೆ. ಅವಳು ಒಂದನ್ನು ಇಟ್ಟುಕೊಂಡಿದ್ದಾಳೆ, ನಾನೂ ಒಪ್ಪಿದ್ದೇನೆ. ಅದನ್ನು ಒಗೆದರೆ ಆ ದಿನ ಗೂಡಿನ ಒಂದು ಹಗ್ಗ ಪೂರ್ತಿ ಅದಕ್ಕೇ ಹೋಗುತ್ತದೆ ಎಂಬುದು ಅವಳಿಗೂ ಗೊತ್ತು, ಆ ದಿನ ಚಾದರ ಒಗೆಯುವುದಿಲ್ಲ ಎಂಬುದೂ ಗೊತ್ತು. ಮಗನಿಗೆ ಈ ವರ್ಷ ಸಮವಸ್ತ್ರ ಇನ್ನೊಂದು ಜೊತೆ ಹೊಲಿಸಿದ್ದೇವೆ. ಬಟ್ಟೆ ಕಡಿಮೆ ಇದ್ದರೆ ಒಗೆಯುವುದು ಕಡಿಮೆ ಎನ್ನುವವರಿದ್ದಾರೆ, ಬಯಲುಸೀಮೆಗೆ ಅದು ಸರಿ. ಎರಡು ದಿನ ಒಣಗದ ಊರಿನಲ್ಲಿ ಇನ್ನೊಂದು ಜೊತೆ ಇರುವುದೇ ನೆಮ್ಮದಿ.

ಮೃಗಶಿರ ಹುಟ್ಟುವ ಮೊದಲು ಬಚ್ಚಲ ಮೇಲಿನ ಗಳಗಳನ್ನು ಬದಲಿಸಬೇಕಾಗಿದೆ. ಹಳೆಯವಕ್ಕೆ ಕುಟ್ಟೆ ಹುಳ ಹಿಡಿದು ಬಟ್ಟೆಯ ಮೇಲೆ ಹಿಟ್ಟು ಉದುರುತ್ತಿದೆ. ಹೊಸ ಬಿದಿರನ್ನು ಅಪ್ಪ ಆಗಲೇ ಕಡಿದು ಕೆರೆಯಲ್ಲಿ ಮುಳುಗಿಸಿ ಇಟ್ಟಿದ್ದಾನೆ, ಹಾಗೆ ನೆನೆದ ಬಿದಿರಿಗೆ ಕುಟ್ಟೆ ಬೇಗ ಬರುವುದಿಲ್ಲ. ಈ ಸಲ ಒಂದು ಗಳ ಹೆಚ್ಚಿಗೆ ಕಟ್ಟುತ್ತೇವೆ, ಆಯಿಯ ಕೈಗೆ ಕೋಲಿಲ್ಲದೆ ಎಟುಕುವಷ್ಟು ಕೆಳಗೆ.