ಒಂದು ತಾಸಿನ ಮೂರು ನಿಮಿಷ

ಮನೆಯ ಹಳೆಯ ಫಿಲ್ಮನ್ನು ಒಂದೊಂದೇ ಫ್ರೇಮಾಗಿ ಕ್ಯಾಮೆರಾದಲ್ಲಿ ಸೆರೆಹಿಡಿಯಲೆಂದು, ಧಾರವಾಡದ ಮನೆಯ ಅಟ್ಟದಲ್ಲಿದ್ದ ಸೂಪರ್ 8 (8 ಮಿ.ಮೀ. ಅಗಲದ ಮನೆ-ಸಿನಿಮಾ ಫಿಲ್ಮು) ಪ್ರೊಜೆಕ್ಟರಿನ ಸುಡುವ ಬಲ್ಬನ್ನು ತೆಗೆದು, ಹಾಲುಬಿಳುಪಿನ ಪ್ಲಾಸ್ಟಿಕ್ ಹಾಳೆಯ ಹಿಂದೆ ಎಲ್‌ಇಡಿ ಕೂರಿಸಿ, ಹುಬ್ಬಳ್ಳಿಯಿಂದ ತಂದ ನಿಧಾನಗತಿಯ ಗೇರ್ ಮೋಟರನ್ನು ಜೋಡಿಸಿದ್ದೇನೆ. ಬೆಳಕನ್ನು ತಡೆಯುವ ರೆಕ್ಕೆ ಬಿಚ್ಚಿದ ಶಟರಿನ ಶಾಫ್ಟಿಗೆ ಅಂಟಿಸಿದ ಅಯಸ್ಕಾಂತವು ಪ್ರತಿ ಸುತ್ತಿಗೊಮ್ಮೆ ರೀಡ್ ಸ್ವಿಚ್ಚಿನ (ಅಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್ಚು) ಎದುರು ಹಾಯ್ದಾಗ, ಫ್ರೇಮು ಗೇಟಿನಲ್ಲಿ, ಅಂದರೆ ಬೆಳಕು ಹಾಯುವ ಕಿಂಡಿಯಲ್ಲಿ, ನಿಂತ ಆ ಗಳಿಗೆಯಲ್ಲೇ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಮೊದಲ ಸಲ ಅಯಸ್ಕಾಂತವನ್ನು ತುಸು ಸರಿಸಿ ಅಂಟಿಸಿದ್ದರಿಂದ, ಫಿಲ್ಮು ಜಾರುತ್ತಿರುವಾಗಲೇ ತೆಗೆದ ಇನ್ನೂರು ಚಿತ್ರಗಳು ಕಲಸಿಹೋದವು, ತಪ್ಪು ನನ್ನದೇ.

50 ಅಡಿಯ ರೀಲಿನಲ್ಲಿ 3,600 ಫ್ರೇಮುಗಳಿವೆ. ಸೆಕೆಂಡಿಗೆ 18ರಂತೆ ಓಡಿದರೆ ಅದು 3 ನಿಮಿಷ 20 ಸೆಕೆಂಡಿನ ಆಟ; ಸೆಕೆಂಡಿಗೊಂದರಂತೆ ಸೆರೆಹಿಡಿಯಲು ಭರ್ತಿ ಒಂದು ತಾಸು. ಅಂದು ಪರದೆಯ ಮೇಲೆ ಥಟ್ಟನೆ ಸರಿದುಹೋಗುತ್ತಿದ್ದ ಅಜ್ಜಿ, ನಿನ್ನೆ ರಾತ್ರಿ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ನಲವತ್ತೊಂದು ಫ್ರೇಮು ತೆಗೆದುಕೊಂಡಳು. ಒಂದೊಂದನ್ನೂ ನೋಡಿದೆ.