ನಿಂಬೆಹಣ್ಣಿನ ಗಾತ್ರದ ಮುದ್ದೆ

ಅಮ್ಮನಿಗೆ ಎಪ್ಪತ್ತು ತುಂಬಿದ ಸಂಜೆ ಅವಳನ್ನು ನಂದಿ ಬೆಟ್ಟದ ತಪ್ಪಲಿನ ಒಂದು ದುಬಾರಿ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದೆವು. ಅದರ ಹೆಸರು ಬರೆಯುವುದಿಲ್ಲ. ಅಲ್ಲಿಗೆ ಇನ್ನೂ ಹೋಗುವವಳು ನಾನು.

ಎರಡು ಮೂರು ತಿಂಗಳಿಗೊಮ್ಮೆ ಇಂಥ ಕಡೆ ಊಟಕ್ಕೆ ಹೋಗುವುದು ನನ್ನ ರೂಢಿ. ಅದಕ್ಕೆಂದೇ ಸಂಬಳದಲ್ಲಿ ಒಂದಿಷ್ಟು ಎತ್ತಿಡುತ್ತೇನೆ. ‘ಆ ದುಡ್ಡಿಗೆ ತಿಂಗಳ ದಿನಸಿ ಬರುತ್ತದೆ’ ಎಂದು ಅತ್ತಿಗೆ ಪ್ರತಿ ಸಲವೂ ಹೇಳುತ್ತಾರೆ. ಬರುತ್ತದೆ, ನಿಜ. ಆದರೆ ಕಸುಬು ಬಲ್ಲವರು ಮನಸ್ಸಿಟ್ಟು ಮಾಡಿದ್ದನ್ನು ಅವಸರವಿಲ್ಲದೆ ಕುಳಿತು ಉಣ್ಣುವುದು ನನಗೆ ಒಂದು ಒಳ್ಳೆಯ ಸಂಗೀತ ಕಛೇರಿ ಕೇಳಿದಷ್ಟೇ ದೊಡ್ಡ ಸುಖ. ಅಲ್ಲಿ ಶ್ರುತಿ ತಪ್ಪಿದರೆ ಕಿವಿಗೆ ಚುಚ್ಚುವ ಹಾಗೆ ಇಲ್ಲಿ ಹದ ತಪ್ಪಿದರೆ ನನಗೆ ಸಂಕಟವಾಗುತ್ತದೆ.

ನಾನು ಚಿಕ್ಕವಳಿದ್ದಾಗ ಚಿಕ್ಕಬಳ್ಳಾಪುರದಲ್ಲಿ ಹೊರಗೆ ಊಟ ಎಂದರೆ ಬಸ್ ನಿಲ್ದಾಣದ ಹತ್ತಿರ ಒಂದು ಮಸಾಲೆ ದೋಸೆ, ಅಷ್ಟೇ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆದ್ದಾರಿಯ ಚಹರೆಯೇ ಬದಲಾಯಿತು. ವಾರದ ಕೊನೆಗೆ ಬೆಟ್ಟ ನೋಡಲು ಬರುವವರ ಕಾರುಗಳ ಹಿಂದೆಯೇ ಗಾಜಿನ ಗೋಡೆಯ ಊಟದ ಮನೆಗಳೂ ಬಂದವು. ಬಂದದ್ದು ನನಗೆ ಸಂತೋಷವೇ.

ಆ ಸಂಜೆಯ ಜಾಗಕ್ಕೆ ಮೊದಲು ಸಲ್ಲಬೇಕಾದ ಹೊಗಳಿಕೆ ಸಲ್ಲಿಸಿಬಿಡುತ್ತೇನೆ. ಮೇಜುಗಳ ನಡುವೆ ಸಾಕಷ್ಟು ಅಂತರವಿತ್ತು. ಪಕ್ಕದವರ ಮಾತು ನಮಗೆ ಬೀಳುತ್ತಿರಲಿಲ್ಲ. ನಮ್ಮ ಮೇಜು ಬೆಟ್ಟದ ಕಡೆಗೇ ಇತ್ತು. ಬಂಡೆಯ ಮೈ ಮೊದಲು ಕೆಂಪಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿ, ಕೊನೆಗೆ ಆಕಾಶದಲ್ಲಿ ಕರಗುವವರೆಗೆ ಅಮ್ಮ ನೀರು ಕುಡಿಯುವುದನ್ನೂ ಮರೆತು ನೋಡಿದಳು. ಆದರೆ ಕತ್ತಲಾದ ಮೇಲೆ ದೀಪ ಸಾಲದಾಯಿತು. ಸಾರಿನ ಬಣ್ಣ ಕಾಣದಷ್ಟು ಮಬ್ಬು ಬೆಳಕಿನಲ್ಲಿ ಊಟ ಮಾಡುವುದು ನನಗೆ ಸರಿಬರುವುದಿಲ್ಲ. ಸೋಫಾ ತಗ್ಗು, ಮೇಜು ಎತ್ತರ. ಕೈಯಲ್ಲಿ ಉಣ್ಣುವವರು ತಟ್ಟೆಯ ಮೇಲೆ ಬಾಗಲಾರದೆ ಒದ್ದಾಡಬೇಕು. ಪಟ್ಟಿಯಲ್ಲಿ ಮುದ್ದೆ ಬರೆದವರು ಅದನ್ನು ಉಣ್ಣುವವರು ಹೇಗೆ ಕೂರುತ್ತಾರೆ ಎಂದು ಯೋಚಿಸಬೇಕಿತ್ತು.

ಹೌದು, ಮುದ್ದೆ. ಪಿಜ್ಜಾ, ಪಾಸ್ತಾಗಳ ನಡುವೆ ‘ಈ ಸೀಮೆಯ ಊಟ’ ಎಂಬ ಒಂದು ಪುಟವಿತ್ತು. ರಾಗಿ ಮುದ್ದೆ, ಹಿದುಕಿದ ಬೇಳೆ ಸಾರು, 495 ರೂಪಾಯಿ. ಡಿಸೆಂಬರ್ ತಿಂಗಳು, ಊರಿಗೆ ಊರೇ ಅವರೆಕಾಯಿ ಸುಲಿಯುವ ಕಾಲ. ಅಮ್ಮ ಅದನ್ನೇ ಕೇಳಿದಳು. ನನ್ನ ಗಂಡ ಪಿಜ್ಜಾ ಹೇಳಿದರು.

ಅಗಲವಾದ ಬಿಳಿ ಪಿಂಗಾಣಿ ತಟ್ಟೆಯ ನಡುವೆ ನಿಂಬೆಹಣ್ಣಿನ ಗಾತ್ರದ ಮೂರು ಉಂಡೆಗಳು ಬಂದವು. ಮೇಲೆ ತುಪ್ಪದ ಒಂದೊಂದು ಹನಿ, ಪಕ್ಕದಲ್ಲಿ ಒಂದು ಹೂವು. ಅಮ್ಮ ಬೆರಳಿನಿಂದ ಒಂದನ್ನು ಒತ್ತಿದಳು. ಮೇಲೆ ಪೊರೆ ಕಟ್ಟಿತ್ತು, ತುಪ್ಪ ಹೆಪ್ಪಾಗಿತ್ತು. ‘ಕಾವೇ ಇಲ್ಲವಲ್ಲೇ’ ಎಂದಳು, ದೂರುವ ದನಿಯಲ್ಲಲ್ಲ, ಮರುಕದಿಂದ.

ಮುದ್ದೆಯ ಜೀವವೇ ಕಾವು. ಕುದಿಯುವ ಎಸರಿಗೆ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಒಳಗೆಲ್ಲ ಬೇಯುವವರೆಗೆ ಕಾದು, ಗಂಟಿಲ್ಲದಂತೆ ತಿರುವಿ, ಕೈ ಸುಡುತ್ತಿರುವಾಗಲೇ ಒದ್ದೆ ಕೈಯಲ್ಲಿ ಕಟ್ಟಿ ಇಟ್ಟರೆ ಅದು ದೊಡ್ಡದಾಗಿರುವುದರಿಂದಲೇ ಊಟ ಮುಗಿಯುವವರೆಗೆ ಬಿಸಿಯಾಗಿರುತ್ತದೆ. ಚಿಕ್ಕ ಉಂಡೆಗೆ ಮೈ ಹೆಚ್ಚು, ಒಡಲು ಕಡಿಮೆ. ತಣ್ಣನೆಯ ಪಿಂಗಾಣಿಯ ಮೇಲೆ ಅದು ಅಡುಗೆಮನೆಯಿಂದ ಮೇಜಿಗೆ ಬರುವಷ್ಟರಲ್ಲೇ ಆರುತ್ತದೆ. ಆರಿದ ಮುದ್ದೆ ನುಣ್ಣಗೆ ಜಾರುವುದಿಲ್ಲ, ಗಂಟಲಲ್ಲಿ ನಿಲ್ಲುತ್ತದೆ, ಅಗಿಯಬೇಕಾಗುತ್ತದೆ.

ನನಗೆ ನಿಜಕ್ಕೂ ನೋವಾದದ್ದು ಪಿಜ್ಜಾ ಬಂದಾಗ. ಅದನ್ನು ಕಟ್ಟಿಗೆಯ ಒಲೆಯಿಂದ ತೆಗೆದವರೇ ಬಿಸಿ ಹಲಗೆಯ ಮೇಲೆ ಓಡೋಡಿ ತಂದಿಟ್ಟರು. ಅಂಚು ಉಬ್ಬಿ ಅಲ್ಲಲ್ಲಿ ಕರಕಲಾಗಿತ್ತು, ಚೀಸ್ ಇನ್ನೂ ಕುದಿಯುತ್ತಿತ್ತು. ತಡಮಾಡದೆ ತಿನ್ನಿ ಎಂದು ಕೇಳಿಕೊಂಡರು. ಬಹಳ ಚೆನ್ನಾಗಿತ್ತು. ಅಂದರೆ ಕಾವಿನ ಬೆಲೆ ಆ ಅಡುಗೆಮನೆಗೆ ಗೊತ್ತಿದೆ! ಗೊತ್ತಿದ್ದೂ ನಮ್ಮ ಊಟವನ್ನು ನೋಟಕ್ಕೆಂದು ಇಟ್ಟಿದ್ದಾರೆ. ಇಟಲಿಯ ರೊಟ್ಟಿಗೆ ಕೊಟ್ಟ ಮರ್ಯಾದೆಯನ್ನು ಈ ನೆಲದ ರಾಗಿಗೂ ಕೊಡಿ ಎಂದಷ್ಟೇ ನನ್ನ ಬೇಡಿಕೆ.

ಸಾರಿನ ಮಸಾಲೆ ಹದವಾಗಿತ್ತು, ಬೇಳೆ ಮಾತ್ರ ಬಾಯಲ್ಲಿ ಹಿಟ್ಟುಹಿಟ್ಟಾಯಿತು. ರಾತ್ರಿ ನೆನೆಸಿದ ಕಾಳನ್ನು ಬೆರಳುಗಳ ನಡುವೆ ಹಿದುಕಿದಾಗ ಚಿಮ್ಮಿ ಬರುವ ಬೇಳೆ ಬೆಂದರೂ ತನ್ನ ಆಕಾರ ಬಿಡುವುದಿಲ್ಲ. ಸೊಗಡಂತೂ ಇರಲೇ ಇಲ್ಲ. ಬಡಿಸುತ್ತಿದ್ದ ಹುಡುಗನನ್ನು ಕೇಳಿದೆ. ಬಾಗೇಪಲ್ಲಿ ಕಡೆಯವನು. ಸ್ವಲ್ಪ ಹಿಂಜರಿದು, ‘ಫ್ರೀಜರಿನದು ಮೇಡಂ’ ಎಂದ. ಹೊರಗೆ ಹೆದ್ದಾರಿಯ ಪಕ್ಕ ಅವರೆಕಾಯಿಯ ರಾಶಿಗಳು, ಒಳಗೆ ಹೆಪ್ಪುಗಟ್ಟಿದ ಬೇಳೆ. ಆಮೇಲೆ ಅವನೇ, ‘ಅಜ್ಜಿ, ಬಿಸಿಯಾಗಿ ಇನ್ನೊಂದು ಮುದ್ದೆ ಮಾಡಿಸಿ ತರಲೇ?’ ಎಂದು ಕೇಳಿದ. ‘ಒಂದೇ ತಾರಪ್ಪ, ದೊಡ್ಡದು’ ಎಂದಳು ಅಮ್ಮ. ಹದಿನೈದು ನಿಮಿಷಕ್ಕೆ ಬಂತು, ಹಬೆಯಾಡುತ್ತಾ. ಆ ಮುದ್ದೆಗೆ ಒಂದು ಕುಂದನ್ನೂ ಹೇಳಲಾರೆ.

ಕೊನೆಗೆ ಬಂದ ದ್ರಾಕ್ಷಿಯ ಐಸ್ ಅನ್ನು ಮರೆಯಲಾರೆ. ನಮ್ಮ ಸುತ್ತಮುತ್ತಲ ತೋಟಗಳ ಬೆಂಗಳೂರು ನೀಲಿ ದ್ರಾಕ್ಷಿಯದು, ಭೌಗೋಳಿಕ ಗುರುತು ಪಡೆದ ತಳಿ. ದಪ್ಪ ಸಿಪ್ಪೆ, ಬೀಜ, ಹುಳಿ ಎಂದು ಜನ ಅದನ್ನು ಕಡೆಗಣಿಸುತ್ತಾರೆ. ಇಲ್ಲಿ ಸಿಪ್ಪೆಯ ಒಗರನ್ನೂ ಆ ಗಾಢ ಪರಿಮಳವನ್ನೂ ಸಕ್ಕರೆಯಲ್ಲಿ ಮುಳುಗಿಸದೆ ಉಳಿಸಿಕೊಂಡಿದ್ದರು. ನಾಲಿಗೆಯ ಮೇಲೆ ಕರಗಿದ ಮೇಲೂ ತೋಟದಲ್ಲಿ ನಿಂತ ಹಾಗಿತ್ತು.

ಬಿಲ್ಲಿನಲ್ಲಿ ಶೇಕಡಾ 5 ಜಿಎಸ್‌ಟಿ ಜೊತೆಗೆ ಶೇಕಡಾ 10 ಸೇವಾ ಶುಲ್ಕವೂ ಸೇರಿತ್ತು. ಸೇವಾ ಶುಲ್ಕವನ್ನು ಹೋಟೆಲಿನವರು ತಾವಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದೆ, ಮಾತಿಲ್ಲದೆ ತೆಗೆದರು. ಆ ಹಣಕ್ಕೆ ಇನ್ನಷ್ಟು ಸೇರಿಸಿ ಅಮ್ಮ ಬಾಗೇಪಲ್ಲಿಯ ಹುಡುಗನ ಕೈಗೇ ಕೊಟ್ಟಳು.

ಹೊರಡುವ ಮುಂಚೆ ಅಡುಗೆಯ ಮುಖ್ಯಸ್ಥರನ್ನು ಕಂಡು ಎಲ್ಲವನ್ನೂ ಹೇಳಿದೆ, ಪಿಜ್ಜಾ ಮತ್ತು ದ್ರಾಕ್ಷಿಯ ಹೊಗಳಿಕೆಯನ್ನೂ. ಕೈಕಟ್ಟಿ ಕೇಳಿಸಿಕೊಂಡರು. ತಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಬಡಿಸಿ ಎಂದು ಅಮ್ಮ ಹೇಳಿದ್ದನ್ನು ಮೊಬೈಲಿನಲ್ಲಿ ಬರೆದುಕೊಂಡರು. ಹಿಂದಿನ ದಿನ ಫೋನ್ ಮಾಡಿದರೆ ಹಸಿ ಅವರೆ ತರಿಸಿ ಹಿದುಕಿಸುವುದಾಗಿ ಮಾತು ಕೊಟ್ಟಿದ್ದಾರೆ. ಸೊಗಡು ಇಳಿಯುವುದರೊಳಗೆ, ಸಂಕ್ರಾಂತಿಯ ಮುಂಚಿನ ಭಾನುವಾರ ಹೋಗುತ್ತೇವೆ. ಕಾಯಿ ನಾವೇ ಒಯ್ಯೋಣ ಎನ್ನುತ್ತಿದ್ದಾಳೆ ಅಮ್ಮ.